ಇಟಲಿಯಿಂದ ರೆಸಾರ್ಟ್ ಬೇಡ, ಊರೂರಿಗೆ ನಿಲ್ಲುವ ರೈಲು ತನ್ನಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಕರಾವಳಿ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರಾದರೂ ಒಬ್ಬರು ಗೋವಾ ಹೆಸರು ಹೇಳುತ್ತಾರೆ, ಇನ್ನೊಬ್ಬರು ಇನ್ನೂ ಸ್ವಲ್ಪ ದೂರ ಹೋಗಿ ಇಟಲಿ ಎನ್ನುತ್ತಾರೆ. ಗುಡ್ಡ ಸೀದಾ ಕಡಲಿಗೆ ಇಳಿಯುವ ಊರುಗಳು ಅಲ್ಲೂ ಇವೆ, ಇಲ್ಲೂ ಇವೆ, ಹಾಗಾಗಿ ಹೋಲಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಇಟಲಿ ಎಂದವರ ತಲೆಯಲ್ಲಿ ಓಡುವುದು ಅಗಲದ ರಸ್ತೆ, ಗುಡ್ಡದ ನೆತ್ತಿಯಲ್ಲಿ ರೆಸಾರ್ಟ್, ಅದರ ಮುಂದೆ ದೊಡ್ಡ ಪಾರ್ಕಿಂಗ್. ಮಗಳು ಮಿಲಾನಿನಲ್ಲಿ ಕೆಲಸಕ್ಕಿದ್ದಾಳೆ, ಆ ನೆಪದಲ್ಲಿ ನಾನು ಮತ್ತು ನನ್ನಾಕೆ ಕಳೆದ ವರ್ಷ ಆ ಕಡಲ ದಂಡೆಯಲ್ಲಿ ತಿರುಗಾಡಿ ಬಂದೆವು. ನಮ್ಮನ್ನು ಊರಿಂದ ಊರಿಗೆ ದಾಟಿಸಿದ್ದು ಮಾತ್ರ ಒಂದು ಸಾದಾ ಲೋಕಲ್ ರೈಲು. ಅದರ ಬಗ್ಗೆ ಬರೆಯಬೇಕೆಂದೇ ಈ ಪತ್ರ. ಸ್ವಲ್ಪ ಉದ್ದ ಆದೀತು, ಕತ್ತರಿ ಹೇಗೂ ನಿಮ್ಮ ಕೈಯಲ್ಲಿದೆ.

ಜಾಗದ ಹೆಸರು ಚಿಂಕ್ವೆ ತೆರ್ರೆ. ಇಟಲಿಯ ವಾಯವ್ಯ ಮೂಲೆಯ ಲಿಗೂರಿಯಾದಲ್ಲಿ ಬರುತ್ತದೆ. ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲ್ಯಾ, ಮನರೋಲಾ, ರಿಯೊಮಜ್ಜೋರೆ ಎಂಬ ಐದು ಸಣ್ಣ ಊರುಗಳು, ಎಲ್ಲ ಸೇರಿಸಿದರೂ ನಾಲ್ಕು ಸಾವಿರ ಜನ ಆಗಲಿಕ್ಕಿಲ್ಲ. ಬಂಡೆಗೆ ಅಂಟಿಕೊಂಡ ಹಳದಿ, ಗುಲಾಬಿ ಬಣ್ಣದ ಮನೆಗಳ ಫೋಟೊವನ್ನು ನೀವೂ ನೋಡಿರುತ್ತೀರಿ, ಹೆಚ್ಚಾಗಿ ಮನರೋಲಾದ್ದೇ ಇರುತ್ತದೆ. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹೊರಗಿನವರ ಕಾರಿಗೆ ಊರೊಳಗೆ ಪ್ರವೇಶ ಇಲ್ಲ, ಮೇಲೆ ಎಲ್ಲೋ ನಿಲ್ಲಿಸಿ ಇಳಿದು ಬರಬೇಕು. ನಾವು ಲಾ ಸ್ಪೆತ್ಸಿಯಾ ಎಂಬ ಪಕ್ಕದ ಪೇಟೆಯಲ್ಲಿ ರೂಮು ಮಾಡಿದ್ದೆವು. ಆ ಐದು ಊರುಗಳಲ್ಲಿ ಉಳಿಯಲು ಹೋದರೆ ಜೇಬು ಬರಿದಾಗುತ್ತದೆ, ಹೋಗುವವರಿಗೆ ತಿಳಿದಿರಲಿ ಅಂತ ಬರೆದೆ.

ಲಾ ಸ್ಪೆತ್ಸಿಯಾದಿಂದ ಲೆವಾಂತೊ ಎಂಬ ಊರಿನವರೆಗೆ ಆ ರೈಲು ಓಡುತ್ತದೆ. ಹಳಿ ಬಂದದ್ದು 1874ರಲ್ಲಿ, ಅಂದರೆ ನಮ್ಮ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದ 1998ಕ್ಕಿಂತ ನೂರು ವರ್ಷಕ್ಕೂ ಮೊದಲು. ಒಂದು ಊರಿಂದ ಇನ್ನೊಂದಕ್ಕೆ ನಾಲ್ಕೈದು ನಿಮಿಷ, ಐದೂ ಊರುಗಳಲ್ಲಿ ನಿಲ್ಲುತ್ತದೆ. ಜನ ಜಾಸ್ತಿ ಬರುವ ತಿಂಗಳುಗಳಲ್ಲಿ ಗಂಟೆಗೆ ಎರಡು ಮೂರು ರೈಲು ಇರುತ್ತವೆ. ಒಂದು ತಪ್ಪಿತೆಂದು ಯಾರೂ ಓಡುವುದಿಲ್ಲ, ಅಲ್ಲೇ ಕಟ್ಟೆಯ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಾರೆ. ತರಕಾರಿ ಚೀಲ ಹಿಡಿದ ಮುದುಕಿಯರು, ಶಾಲೆ ಬಿಟ್ಟು ಬರುವ ಮಕ್ಕಳು, ಬೆನ್ನಿಗೆ ದೊಡ್ಡ ಬ್ಯಾಗು ಹೇರಿಕೊಂಡ ಜರ್ಮನರು, ನಾವು, ಎಲ್ಲರೂ ಒಂದೇ ಬೋಗಿಯಲ್ಲಿ. ಪ್ರವಾಸಿಗರಿಗೆ ಟಿಕೆಟ್ ದುಬಾರಿ, ಅಲ್ಲಿಯವರಿಗೆ ಕಡಿಮೆ ದರ. ಇದು ನನಗೆ ಬಹಳ ಸರಿ ಅನ್ನಿಸಿತು.

ನೋಟದ ವಿಷಯ ಹೇಳಬೇಕೆಂದರೆ, ರೈಲಿನ ಒಳಗಿಂದ ಏನೂ ಕಾಣುವುದಿಲ್ಲ! ದಾರಿಯ ಹೆಚ್ಚಿನ ಪಾಲು ಸುರಂಗ. ಕಡಲು ಕಂಡಿತು ಎನ್ನುವಷ್ಟರಲ್ಲಿ ಮತ್ತೆ ಕತ್ತಲೆ. ನಮ್ಮ ರೈಲಿಗೂ ಸುರಂಗಗಳಿವೆ, ಆದರೆ ಈ ವಿಷಯದಲ್ಲಿ ನಾವೇ ಮೇಲು, ಇದನ್ನು ಯಾಕೋ ಯಾರೂ ಹೇಳುವುದಿಲ್ಲ. ಕಾರವಾರದಿಂದ ಭಟ್ಕಳಕ್ಕೆ ಹಗಲು ಹೊತ್ತಿನಲ್ಲಿ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ. ಗಂಗಾವಳಿ ದಾಟುತ್ತೀರಿ, ಆಮೇಲೆ ಅಘನಾಶಿನಿ, ಅದರ ಅಳಿವೆಗೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲ ಎಂಬ ರಾಮ್ಸಾರ್ ಮಾನ್ಯತೆ ಬಂತು. ಆಚೀಚೆ ಗಜನಿ ಗದ್ದೆಗಳು, ಉಪ್ಪುನೀರು ನುಗ್ಗಿದರೂ ತಡೆದುಕೊಂಡು ಬೆಳೆಯುವ ಕಗ್ಗ ಭತ್ತದ ನೆಲ. ಹೊನ್ನಾವರದ ಹತ್ತಿರ ಶರಾವತಿ. ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಅದೇ, 2 ಕಿ.ಮೀ. ದಾಟುತ್ತದೆ. ರಾತ್ರಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಮುಂಬೈಗೆ ಹೋಗುವವರು ಇದರ ಮೇಲೆ ಗೊರಕೆ ಹೊಡೆಯುತ್ತ ಹೋಗುತ್ತಾರೆ. ಹಗಲಲ್ಲಿ ಹೋಗೋಣವೆಂದರೆ ಊರೂರಿಗೆ ನಿಲ್ಲುವ ರೈಲು ಎಷ್ಟಿವೆ? ಬೆರಳಲ್ಲಿ ಎಣಿಸಬಹುದು, ಅದೂ ನಮಗೆ ಬೇಕಾದ ಹೊತ್ತಿಗೆ ಇರುವುದಿಲ್ಲ.

ನಿಲ್ದಾಣಗಳಿಗೇನೂ ಬರ ಇಲ್ಲ. ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ. ಕಟ್ಟಡ ಇದೆ, ಪ್ಲಾಟ್‌ಫಾರ್ಮ್ ಇದೆ, 2022ರಲ್ಲಿ ಇಡೀ ಮಾರ್ಗಕ್ಕೆ ವಿದ್ಯುತ್ ತಂತಿಯೂ ಬಂದಾಯಿತು. ಇವುಗಳಲ್ಲಿ ಕೆಲವು ನಿಲ್ದಾಣಗಳು ದಿನದ ಹೆಚ್ಚಿನ ಹೊತ್ತು ಎಕ್ಸ್‌ಪ್ರೆಸ್ ಹಾದುಹೋಗುವುದನ್ನು ನೋಡುತ್ತ ನಿಂತಿರುತ್ತವೆ.

ನಾನು ಕೇಳುವುದು ಇಷ್ಟೇ. ಕಾರವಾರ ಮತ್ತು ಭಟ್ಕಳದ ನಡುವೆ, ಸಾಧ್ಯವಾದರೆ ಅಸ್ನೋಟಿಯಿಂದಲೇ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಮೆಮು, ಅಂದರೆ ವಿದ್ಯುತ್ತಿನಲ್ಲಿ ಓಡುವ ಲೋಕಲ್ ರೈಲು. ಬೆಳಗ್ಗೆ ಎರಡು, ಮಧ್ಯಾಹ್ನ ಒಂದು, ಸಂಜೆ ಎರಡು. ಎರಡೂ ದಿಕ್ಕಿಗೆ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು, ಏಕೆಂದರೆ ಊರಲ್ಲಿ ಈ ಮಾತು ತೆಗೆದಾಗಲೆಲ್ಲ ಅದೇ ಬರುತ್ತದೆ. ಒಂದು, ಇಲ್ಲಿ ಇರುವುದು ಒಂಟಿ ಹಳಿ. ನಿಜ. ಅಲ್ಲಿ ಜೋಡಿ ಹಳಿ, ಹಾಗಾಗಿ ಗಂಟೆಗೆ ಮೂರು ರೈಲು ಬಿಡಿ ಎಂದು ನಾನೂ ಕೇಳುತ್ತಿಲ್ಲ. ಪ್ಯಾಸೆಂಜರ್ ರೈಲನ್ನು ಕ್ರಾಸಿಂಗ್‌ಗೆ ಅಂತ ನಿಲ್ಲಿಸಿಬಿಟ್ಟರೆ ಎಕ್ಸ್‌ಪ್ರೆಸ್ಸೂ ಗೂಡ್ಸೂ ದಾಟಿ ಹೋಗುವ ತನಕ ಅಲ್ಲೇ ಕೊಳೆಯಬೇಕು, ಮಳೆಗಾಲದ ವೇಳಾಪಟ್ಟಿಯಲ್ಲಂತೂ ವೇಗವೂ ಕಡಿಮೆ. ಆದರೂ ದಿನಕ್ಕೆ ಐದು ಸಣ್ಣ ರೈಲಿಗೆ ಜಾಗ ಹುಡುಕುವುದು ಅಸಾಧ್ಯ ಎಂದರೆ ನಂಬುವುದು ಕಷ್ಟ. ಮಹಾರಾಷ್ಟ್ರದ ರೋಹಾ ಮತ್ತು ವೀರ್ ನಡುವೆ ಇದೇ ಮಾರ್ಗಕ್ಕೆ 2021ರಲ್ಲಿ ಜೋಡಿ ಹಳಿ ಬಂತು. ನಮ್ಮ ಪಾಲಿಗೆ ಯಾವಾಗ ಎಂದು ಕೇಳುವ ಹಕ್ಕು ನಮಗಿಲ್ಲವಾ? ಕೊಂಕಣ ರೈಲ್ವೆ ನಿಗಮ ಶುರುವಾದಾಗಿನಿಂದ ನಮ್ಮ ರಾಜ್ಯ ಸರಕಾರವೂ ಅದರಲ್ಲಿ ದುಡ್ಡು ಹಾಕಿದ ಪಾಲುದಾರ. ಈಗ ಅದನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಮಾತು ನಡೆಯುತ್ತಿದೆ. ಕೇಳುವುದಿದ್ದರೆ ಇದೇ ಹೊತ್ತು.

ಎರಡನೇ ಉತ್ತರ, ನಿಲ್ದಾಣ ಊರಿಂದ ದೂರ. ಇದೂ ನಿಜ. ಗೋಕರ್ಣ ರೋಡ್‌ನಲ್ಲಿ ಇಳಿದವರಿಗೆ ಗೋಕರ್ಣ ಇನ್ನೂ ಬಲು ದೂರ, ಕಾರವಾರದಲ್ಲಿ ಇಳಿದವರಿಗೆ ಪೇಟೆಯೂ ಇಲ್ಲ ಕಡಲೂ ಇಲ್ಲ. ಇಲ್ಲಿ ಕೊರ್ನಿಲ್ಯಾದ ಕಥೆ ಹೇಳಲೇಬೇಕು. ಉಳಿದ ನಾಲ್ಕು ಊರುಗಳು ನೀರಿನ ಮಟ್ಟದಲ್ಲಿದ್ದರೆ ಇದೊಂದು ಮಾತ್ರ ಸುಮಾರು ನೂರು ಮೀಟರ್ ಎತ್ತರದ ಗುಡ್ಡದ ಮೇಲೆ ಕೂತಿದೆ, ನಿಲ್ದಾಣ ಕೆಳಗೆ ಕಡಲ ಪಕ್ಕ. ಹತ್ತಲು 380ರ ಹತ್ತಿರ ಮೆಟ್ಟಿಲು. ನನ್ನಾಕೆ ಮೊದಲ ಸಾಲು ಮೆಟ್ಟಿಲು ನೋಡಿಯೇ ಚೀಲ ಕೆಳಗಿಟ್ಟಳು. ಅಷ್ಟರಲ್ಲಿ ಒಂದು ಸಣ್ಣ ಬಸ್ಸು ಬಂತು. ರೈಲು ಬರುವ ಹೊತ್ತು ನೋಡಿಕೊಂಡೇ ಬರುವ ಬಸ್ಸು ಅದು, ಇಳಿದ ಜನರನ್ನು ತುಂಬಿಕೊಂಡು ಹತ್ತು ನಿಮಿಷದೊಳಗೆ ಮೇಲೆ ಬಿಟ್ಟಿತು. ರೈಲಿನ ಕಾರ್ಡಿಗೆ ಬಸ್ಸೂ ಸೇರಿತ್ತು, ಬೇರೆ ಟಿಕೆಟ್ ತೆಗೆಯುವ ಕೆಲಸ ಇಲ್ಲ.

ಆ ಕಾರ್ಡ್ ಒಳ್ಳೆಯ ಉಪಾಯ. ಉದ್ಯಾನದವರು ಕೊಡುತ್ತಾರೆ. ಒಂದು ದಿನದ್ದು ತೆಗೆದುಕೊಂಡರೆ ಅಷ್ಟೂ ಊರಿಗೆ ಬೇಕಾದಷ್ಟು ಸಲ ರೈಲು ಹತ್ತಬಹುದು, ಬಸ್ಸು ಹತ್ತಬಹುದು, ಗುಡ್ಡದ ಕಾಲುದಾರಿಯಲ್ಲಿ ನಡೆಯಬಹುದು, ನಿಲ್ದಾಣದ ಶೌಚಾಲಯ ಕೂಡ ಅದರಲ್ಲೇ. ಶೌಚಾಲಯದ ವಿಷಯ ಸಣ್ಣದೆಂದು ನಗಬೇಡಿ, ಹೆಂಗಸರನ್ನು ಕೇಳಿ. ಕಾರ್ಡಿನಿಂದ ಬಂದ ದುಡ್ಡಿನಲ್ಲಿ ಕಾಲುದಾರಿ ರಿಪೇರಿ ನಡೆಯುತ್ತದೆ. ನಮ್ಮ ಗೋಕರ್ಣದಲ್ಲೂ ಕುಡ್ಲೆ ಬೀಚಿನಿಂದ ಓಂ ಬೀಚ್, ಹಾಫ್ ಮೂನ್, ಪ್ಯಾರಡೈಸ್ ತನಕ ಬಂಡೆಯ ಮೇಲೆ ಕಾಲುದಾರಿ ಇದೆ. ಸಾವಿರಾರು ಜನ ನಡೆಯುತ್ತಾರೆ, ಆ ದಾರಿಗೆಂದು ಯಾರೂ ಒಂದು ರೂಪಾಯಿ ಕೊಡುವುದಿಲ್ಲ. ಕೊಡಿ ಎಂದು ಕೇಳಿದವರೂ ಇಲ್ಲ ಬಿಡಿ.

ದಕ್ಷಿಣದ ಅಮಾಲ್ಫಿಗೂ ಹೋಗಿದ್ದೆವು. ಅಲ್ಲಿ ರೈಲು ಇಲ್ಲ, ಇರುವುದು ಬಂಡೆಯ ಅಂಚಿನಲ್ಲಿ ಸುತ್ತಿ ಸುತ್ತಿ ಹೋಗುವ ಒಂದೇ ರಸ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಮಾಡಿದ್ದು. ಎರಡು ಬಸ್ಸು ಎದುರಾದರೆ ಒಂದು ಹಿಂದೆ ಸರಿಯಬೇಕು, ನಮ್ಮ ಡ್ರೈವರು ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುತ್ತಿದ್ದ. ದೇವಿಮನೆ ಘಟ್ಟದಲ್ಲಿ ಶಿರಸಿ ಬಸ್ಸಿಗೆ ಓಡಾಡಿದ ನಮಗೆ ಅದರ ಹೆದರಿಕೆ ಆಗಲಿಲ್ಲ. ವಿಷಯ ಏನೆಂದರೆ, ವಾಹನ ಜಾಸ್ತಿ ಆಯಿತೆಂದು ಅವರು ಗುಡ್ಡ ಕಡಿದು ನಾಲ್ಕು ಪಥ ಮಾಡಲಿಲ್ಲ. 2022ರಲ್ಲಿ ಸಮ-ಬೆಸ ನಿಯಮ ತಂದರು. ಜನಜಂಗುಳಿಯ ದಿನಗಳಲ್ಲಿ ಬೆಳಗ್ಗೆ 10ರಿಂದ ಸಂಜೆ 6ರ ತನಕ, ಕಾರಿನ ನಂಬರಿನ ಕೊನೆಯ ಅಂಕಿ ನೋಡಿ ಒಂದು ದಿನ ಬಿಟ್ಟು ಒಂದು ದಿನ ಬಿಡುತ್ತಾರೆ. ಅಲ್ಲಿಯ ನಿವಾಸಿಗಳಿಗೆ ವಿನಾಯಿತಿ. ಉಳಿದವರಿಗೆ ಬಸ್ಸು, ಇಲ್ಲವೇ ಸಲೆರ್ನೊದಿಂದ ಹಡಗು. ಹಡಗಿನ ಮಾತು ಬಂದರೆ ನನಗೆ ತದಡಿ–ಅಘನಾಶಿನಿ ಬಾರ್ಜಿನ ಬಗ್ಗೆ ಬರೆಯುವ ಆಸೆ ಆಗುತ್ತದೆ, ಅದು ಇನ್ನೊಂದು ಪತ್ರಕ್ಕೆ ಇರಲಿ.

ಊಟದ ಬಗ್ಗೆ ಎರಡು ಮಾತು, ಸಸ್ಯಾಹಾರಿಗಳು ಕೇಳುತ್ತಾರೆಂದು. ಲಿಗೂರಿಯಾದಲ್ಲಿ ಉಪವಾಸ ಬೀಳುವುದಿಲ್ಲ. ಫರಿನಾತಾ ಅಂತ ಒಂದಿದೆ, ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಕಲಸಿ ದೊಡ್ಡ ತಟ್ಟೆಯಲ್ಲಿ ಹೊಯ್ದು ಒಲೆಯಲ್ಲಿ ಬೇಯಿಸಿದ್ದು. ಹಸಿಮೆಣಸು ಮರೆತ ನಮ್ಮ ಕಡಲೆಹಿಟ್ಟಿನ ದೋಸೆ ಇದ್ದಹಾಗೆ. ತುಳಸಿಯ ಜಾತಿಯ ಬೇಸಿಲ್ ಎಲೆಯ ಚಟ್ನಿಯೂ ಅಲ್ಲಿಯದ್ದೇ, ಪೆಸ್ತೊ ಎನ್ನುತ್ತಾರೆ, ಆದರೆ ಅದಕ್ಕೆ ಚೀಸ್ ಹಾಕಿರುತ್ತಾರೆ ನೋಡಿಕೊಳ್ಳಿ. ಮೀನು ತಿನ್ನುವವರಿಗೆ ಮೊಂತೆರೊಸ್ಸೊದ ಉಪ್ಪು ಹಾಕಿಟ್ಟ ಆಂಚೊವಿ.

ಈಗ ರಸ್ತೆಯ ಮಾತಿಗೆ ಬರುತ್ತೇನೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿತು. ಚಹಾ ಅಂಗಡಿ, ಅಲ್ಲಿದ್ದ ಜನ, ಲಾರಿ, ಎಲ್ಲ ಗಂಗಾವಳಿ ಪಾಲಾಯಿತು. ಮುಂದಿನ ತಿಂಗಳು 7ರಂದು ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಆ ದಿನಗಳಲ್ಲಿ ಅಂಕೋಲಾದಿಂದ ಕುಮಟಾಕ್ಕೆ ಬರಲು ಜನ ಎಲ್ಲೆಲ್ಲಿ ಸುತ್ತಿದರೆಂದು ನಿಮ್ಮ ಪತ್ರಿಕೆಯೇ ಬರೆದಿರಬೇಕು. ಒಂದೇ ರಸ್ತೆ ನಂಬಿ ಕೂತರೆ ಆಗುವುದು ಹೀಗೆಯೇ. ಚಿಂಕ್ವೆ ತೆರ್ರೆಯವರಿಗೂ ಈ ಪೆಟ್ಟು ಬಿದ್ದಿದೆ. ಅಲ್ಲಿಯ ದ್ರಾಕ್ಷಿ ತೋಟಗಳು ನಿಂತಿರುವುದು ಗಾರೆ ಸಿಮೆಂಟ್ ಇಲ್ಲದೆ ಬರೀ ಕಲ್ಲು ಪೇರಿಸಿದ ಪಾಗಾರಗಳ ಮೇಲೆ. ತೋಟ ಬಿಟ್ಟು ಮಕ್ಕಳು ಪೇಟೆಗೆ ಹೋದರು, ಪಾಗಾರ ನೋಡುವವರು ಕಡಿಮೆಯಾದರು, ಗುಡ್ಡ ಸಡಿಲವಾಯಿತು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳ ಮಳೆಗೆ ವೆರ್ನಾತ್ಸಾದ ಮುಖ್ಯ ಬೀದಿಯಲ್ಲಿ ನೆಲಮಹಡಿಗಳೆಲ್ಲ ಕೆಸರಲ್ಲಿ ಹೂತವು, ಮೂವರು ಸತ್ತರು. ಮರುವರ್ಷ ರಿಯೊಮಜ್ಜೋರೆ–ಮನರೋಲಾ ನಡುವಿನ ಹೆಸರಾಂತ ಕಾಲುದಾರಿಯಲ್ಲಿ ಕಲ್ಲು ಉರುಳಿ ಪ್ರವಾಸಿಗರಿಗೆ ಗಾಯವಾಯಿತು. ಒಂದು ಕಿ.ಮೀ. ಕೂಡ ಸರಿಯಾಗಿ ಇಲ್ಲದ ಆ ದಾರಿಯನ್ನು ಮುಚ್ಚಿದರು, ಬಂಡೆ ಬಿಗಿ ಮಾಡಿ ಮತ್ತೆ ತೆರೆದದ್ದು 2024ರಲ್ಲಿ. ಈಗ ಹೊತ್ತು ನಿಗದಿ ಮಾಡಿ, ಲೆಕ್ಕ ಇಟ್ಟು ಜನರನ್ನು ಬಿಡುತ್ತಾರೆ. ಹನ್ನೆರಡು ವರ್ಷ ಎಂದರೆ ನಮಗೆ ನಗು ಬರಬಹುದು. ನನಗೇನೋ ಬರಲಿಲ್ಲ.

ನಮ್ಮ ರೈಲು ಹಾಕುವಾಗಲೂ ಗುಡ್ಡ ಕಡಿದಿದ್ದಾರೆ, ಮಳೆಗಾಲದಲ್ಲಿ ಅಲ್ಲೂ ಮಣ್ಣು ಬೀಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಕೆಲಸ ಮುಗಿದುಹೋಗಿದೆ. ಇರುವ ಹಳಿಯ ಮೇಲೆ ಇನ್ನೈದು ರೈಲು ಬಿಡಲು ಹೊಸದಾಗಿ ಒಂದು ಬುಟ್ಟಿ ಮಣ್ಣೂ ತೆಗೆಯಬೇಕಿಲ್ಲ. (ಘಟ್ಟದ ಕಾಡು ಕಡಿದು ಹೊಸದಾಗಿ ಹಾಕಬೇಕೆಂದಿರುವ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಜಗಳ ಬೇರೆ, ದಯವಿಟ್ಟು ಅದನ್ನು ಇದಕ್ಕೆ ಗಂಟು ಹಾಕಬೇಡಿ.)

ಇಟಲಿಯಲ್ಲಿ ಎಲ್ಲ ಚಂದ ಅಂತ ನಾನು ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತು ವೆರ್ನಾತ್ಸಾದ ಓಣಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಊರಿನವರ ಮನೆಗಳು ಬಾಡಿಗೆ ರೂಮುಗಳಾಗಿವೆ. ಗೋಕರ್ಣದಲ್ಲಿ ವಾರಾಂತ್ಯಕ್ಕೆ ರಥಬೀದಿಯ ಕಡೆ ಹೋದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿಯ ಜನಜಂಗುಳಿಗೆ ರೈಲೂ ಕಾರಣ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಜನ ಈಗಲೇ ಬರುತ್ತಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಕಾರು ತಂದು.

ಇನ್ನು ರೈಲಿನಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆ. ಪ್ರವಾಸಿಗರನ್ನು ಒತ್ತಟ್ಟಿಗಿಡಿ. ಜಮೀನಿನ ಒಂದು ಕಾಗದಕ್ಕಾಗಿ ಭಟ್ಕಳದವರು ಕಾರವಾರಕ್ಕೆ ಬರಬೇಕು, ಇಡೀ ದಿನ ಹೋಗುತ್ತದೆ. ಮಂಕಿಯ ಹುಡುಗಿ ಹೊನ್ನಾವರಕ್ಕೋ ಕುಮಟಾಕ್ಕೋ ಕಾಲೇಜಿಗೆ ಹೋಗಬೇಕು, ಬಸ್ಸಿನಲ್ಲಿ ನೇತಾಡುತ್ತಾಳೆ. ಮೀನು ಮಾರುವ ಹೆಂಗಸರು ಬುಟ್ಟಿ ಇಡಲು ಟೆಂಪೊದವನ ಕೈಕಾಲು ಹಿಡಿಯುತ್ತಾರೆ. ಆ ರೈಲಿನಲ್ಲಿ ಮೀನು ಬುಟ್ಟಿಗೆಂದೇ ಅರ್ಧ ಬೋಗಿ ಬಿಡಿ, ಯಾವ ಪ್ರವಾಸಿಗನೂ ಮೂಗು ಮುಚ್ಚಿಕೊಂಡು ಸಾಯುವುದಿಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ಬೆಂಗಳೂರಿನ ಪಂಚಗಂಗಾ ಎಕ್ಸ್‌ಪ್ರೆಸ್ ಶನಿವಾರ ಬೆಳಗ್ಗೆ ಗೋಕರ್ಣ ರೋಡ್‌ಗೆ ಬರುವ ಹೊತ್ತಿಗೆ ನಿಮ್ಮ ವರದಿಗಾರರೊಬ್ಬರನ್ನು ಅಲ್ಲಿಗೆ ಕಳಿಸಿ. ಎಷ್ಟು ಜನ ಇಳಿದರು, ಹೊರಗೆ ಎಷ್ಟು ಬಸ್ಸು ನಿಂತಿದ್ದವು, ಆಟೊದವರು ಎಷ್ಟು ಕೇಳಿದರು, ಇಷ್ಟನ್ನು ಬರೆಸಿ ಹಾಕಿ. ಅದನ್ನು ಕತ್ತರಿಸಿ ಸಂಸದರಿಗೂ ಜಿಲ್ಲಾ ಉಸ್ತುವಾರಿ ಸಚಿವರಿಗೂ ಕಳಿಸುವ ಅಂಚೆ ಖರ್ಚು ನನ್ನದು.

ನಿಮ್ಮ ಓದುಗ,
ಕುಮಟಾ