ನಮ್ಮೂರ ಅಂಗನವಾಡಿಯ ಅಕ್ಕೋರಿಗೆ, ಆಯಾಗೆ

ಅಕ್ಕೋರೇ, ನನ್ನ ಮಗ ಇವತ್ತು ಒಂದನೇ ಕ್ಲಾಸಿಗೆ ಹೋದ. ಗೇಟಿನ ಹತ್ತಿರ ಅಳುತ್ತಾ ನಿಂತಿದ್ದ ಇನ್ನೊಂದು ಹುಡುಗನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಅದನ್ನು ನೋಡಿ ಮನೆಗೆ ಬಂದವಳು ಸೀದಾ ಬರೆಯಲು ಕುಳಿತೆ.

ಮೂರು ವರ್ಷದ ಹಿಂದೆ ಅವನು ಹೇಗಿದ್ದ ಅಂತ ನಿಮಗೆ ಗೊತ್ತು. ಯಾರಾದರೂ ಆಟಿಕೆ ಮುಟ್ಟಿದರೆ ಕಚ್ಚುತ್ತಿದ್ದ. ಕೈಗೆ ಅನ್ನ ಅಂಟಿದರೂ ಕಿರುಚುತ್ತಿದ್ದ. ಮೊದಲು ಸೇರಿಸಿದ್ದ ಕಡೆ ‘ಇವನನ್ನು ಮನೇಲೇ ಇಟ್ಕೊಳ್ಳಿ’ ಅಂದಿದ್ದರು. ಅಂಗನವಾಡಿ ಅಂದರೆ ಊಟ, ಮೊಟ್ಟೆ, ಚುಚ್ಚುಮದ್ದು ಅಷ್ಟೇ ಅಂದುಕೊಂಡಿದ್ದೆ ನಾನು. ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಲ್ಲಿ ಶುರುವಾದಾಗಿನಿಂದಲೂ ಮೂರರಿಂದ ಆರು ವರ್ಷದ ಮಕ್ಕಳಿಗೆ ಆಡಿಸುತ್ತಾ ಕಲಿಸುವುದೂ ಅದರ ಕೆಲಸವೇ ಅಂತ ನಿಮ್ಮಿಂದಲೇ ತಿಳಿದದ್ದು.

ನೀವು ಅವನಿಗೆ ಬುದ್ಧಿ ಹೇಳಲೇ ಇಲ್ಲ. ಮೊದಲು ಬುಟ್ಟಿಯಲ್ಲಿ ಒಣ ಜೋಳ ಕೊಟ್ಟಿರಿ. ಆಮೇಲೆ ಮರಳು. ಎಷ್ಟೋ ದಿನ ಕಳೆದ ಮೇಲೆ ಹಸಿ ಮರಳು. ಒಂದು ಬೆರಳು ಇಟ್ಟರೂ ಸಾಕು ಅಂತ ಕಾದಿರಿ. ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಬರುವಷ್ಟರಲ್ಲಿ ಅವನು ಎರೆಮಣ್ಣಿಗೆ ಎರಡೂ ಕೈ ಹಾಕಿದ್ದ.

ಎತ್ತು ಮಾಡಲು ಕುಳಿತ ನಾಲ್ಕು ಮಕ್ಕಳಿಗೆ ನೀರಿನ ಚೊಂಬು ಮಾತ್ರ ಒಂದೇ ಇಟ್ಟಿದ್ದಿರಿ. ಇದೇನು ಜಿಪುಣತನ ಅನಿಸಿತ್ತು, ಕ್ಷಮಿಸಿ. ಮಣ್ಣು ಒಣಗಿದರೆ ಪಕ್ಕದವರನ್ನು ಕೇಳಬೇಕು, ಅವರದು ಮುಗಿಯುವವರೆಗೆ ಕಾಯಬೇಕು, ಕಾಯುವಾಗ ಅವರ ಎತ್ತು ನೋಡಬೇಕು. ‘ಹಂಚಿಕೊಂಡು ಆಡು’ ಅಂತ ನಾನು ಬೈದು ಬೈದು ಸೋತಿದ್ದು ಅಲ್ಲಿ ಸುಮ್ನೆ ನಡೆದುಹೋಗುತ್ತಿತ್ತು.

ಆ ದಿನ ಒಂದು ಹುಡುಗಿಯ ಎತ್ತಿನ ಕೋಡು ಮುರಿದು ಬಿತ್ತು. ಅವಳ ಮುಖ ಸಣ್ಣದಾಯಿತು. ನನ್ನ ಮಗ ಅವಳನ್ನೇ ನೋಡಿದ. ತಟ್ಟೆಯಲ್ಲಿ ಮಣ್ಣು ಉಳಿದಿರಲಿಲ್ಲ. ತನ್ನ ಎತ್ತಿನ ಡುಬ್ಬದಿಂದ ಚಿವುಟಿ, ಅಂಗೈಯಲ್ಲಿ ಹೊಸೆದು, ‘ಅಳಬ್ಯಾಡ, ತಗೋ’ ಅಂದ. ಅವಳು ನೀರು ಹಚ್ಚಿ ಹಿಡಿದಳು, ಇವನು ಕೋಡು ಅಂಟಿಸಿದ. ಬಾಗಿಲಲ್ಲಿ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು. ನೀವು ನನ್ನ ಕಡೆ ನೋಡಿ, ಮಾತಾಡಬೇಡಿ ಅಂತ ಕೈಸನ್ನೆ ಮಾಡಿದಿರಿ.

ಆಯಾ, ದಿನಾ ಅಷ್ಟು ಮಕ್ಕಳ ಮಣ್ಣಿನ ಕೈ ತೊಳೆಸಿದ್ದು ನೀವು. ನಿಮ್ಮ ಋಣ ಇನ್ನೂ ಜಾಸ್ತಿ.

ಡುಬ್ಬ ಇಲ್ಲದ ಆ ಎತ್ತು ನಮ್ಮ ದೇವರ ಗೂಡಿನಲ್ಲೇ ಇದೆ. ಈ ಸಲ ಅಮಾವಾಸ್ಯೆಗೆ ಮಣ್ಣು ಹುಡುಕಬೇಡಿ ಅಕ್ಕೋರೇ. ನಮ್ಮ ಹೊಲದಿಂದ ಬುಟ್ಟಿ ತುಂಬಾ ಕಳಿಸುತ್ತೇನೆ.