ಡ್ರೈವರ್ ಫೋನಿಗೊಂದು ಪೆಟ್ಟಿಗೆ ಮಾಡಿಸಿ: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ನಮಸ್ಕಾರ. ನಾನು ಮೂಡಿಗೆರೆ ಕಡೆಯವಳು. ತಿಂಗಳಿಗೆ ಎರಡು ಸಲ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕು. ಪ್ರತಿ ಸಲ ಕಾರು ಮಾಡಿಕೊಂಡು ಹೋಗುವಷ್ಟು ಅನುಕೂಲ ನಮಗಿಲ್ಲ, ಬಸ್ಸೇ ಗತಿ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಓಡಾಡಿದೆ. ಇನ್ನು ಆಗುವುದಿಲ್ಲ.

ಪತ್ರ ಪೂರ್ತಿ ಓದಲು ನಿಮಗೆ ಪುರುಸೊತ್ತು ಇರುತ್ತೋ ಇಲ್ಲವೋ, ಅದಕ್ಕೇ ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಬಸ್ಸು ಸ್ಟ್ಯಾಂಡ್ ಬಿಡುವ ಮೊದಲೇ ಡ್ರೈವರ್ ಫೋನು ಒಂದು ಪೆಟ್ಟಿಗೆಗೆ ಹೋಗಬೇಕು. ಬೀಗದ ಕೈ ಕಂಡಕ್ಟರ್ ಹತ್ತಿರ ಇರಬೇಕು. ಅಷ್ಟೇ.

ಕಳೆದ ಮಳೆಗಾಲದ ಒಂದು ಗುರುವಾರ. ಅಮ್ಮನಿಗೆ ಹಿಂದಿನ ಸೀಟಿನಲ್ಲಿ ಕೂತರೆ ವಾಂತಿ. ಹಾಗಾಗಿ ನಾವು ಯಾವಾಗಲೂ ಡ್ರೈವರ್ ಹಿಂದೆಯೇ ಕೂರುತ್ತೇವೆ. ನೋಡಬಾರದ್ದೆಲ್ಲ ಕಾಣುವ ಸೀಟು ಅದು. ಎದುರಿಗೆ ದೇವರ ಫೋಟೊ, ಅದಕ್ಕೊಂದು ಹೂವಿನ ಮಾಲೆ, ಮಾಲೆಗೆ ಒರಗಿಸಿಟ್ಟ ಫೋನು. ಫೋನಿನಲ್ಲಿ ರೀಲ್ಸ್. ಒಂದು ಮುಗಿಯುತ್ತಿದ್ದಂತೆ ಹೆಬ್ಬೆರಳು ಹೋಗಿ ಮುಂದಿನದಕ್ಕೆ ತಳ್ಳುತ್ತಿತ್ತು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಬಸ್ಸು ನಿಧಾನ ಮಾಡಿ, ಎರಡೂ ಕೈ ಎತ್ತಿ ಮುಗಿದರು. ಮುಗಿದ ಕೈ ಸ್ಟಿಯರಿಂಗಿಗೆ ಬರಲಿಲ್ಲ, ನೇರ ಫೋನಿಗೇ ಹೋಯಿತು!

ಘಾಟಿಯಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ಊರವರೆಲ್ಲ ದೂರುತ್ತಾರೆ. ನನಗೋ ಅದೊಂದೇ ಸಮಾಧಾನ. ಆದರೆ ಅವತ್ತು ರೀಲ್ಸ್ ನಿಂತ ಮೇಲೆ ಇವರು ಫೋನನ್ನು ಗಾಜಿನ ಹತ್ತಿರ ಎತ್ತಿ ಹಿಡಿದು ಸಿಗ್ನಲ್ ಹುಡುಕತೊಡಗಿದರು. ಹೊರಗೆ ಮಂಜು. ಹತ್ತು ಮಾರು ಮುಂದೆ ಏನಿದೆ ಕಾಣುತ್ತಿರಲಿಲ್ಲ. "ಅಣ್ಣಾ, ಸ್ವಲ್ಪ ಫೋನ್ ಆಚೆ ಇಡಿ" ಅಂದೆ. "ಇಪ್ಪತ್ತು ವರ್ಷದಿಂದ ಇಳೀತಿದೀನಮ್ಮಾ, ಕಣ್ಣು ಮುಚ್ಕೊಂಡು ಓಡಿಸ್ತೀನಿ" ಅಂದರು. ಕಂಡಕ್ಟರ್ ನಕ್ಕರು. "ಭಯ ಆದ್ರೆ ಟ್ಯಾಕ್ಸಿ ಮಾಡ್ಕೊಂಡು ಹೋಗಿ" ಅಂತ ಅವರೂ ಒಂದು ಮಾತು ಸೇರಿಸಿದರು.

ಮುಂದಿನ ತಿರುವಿನಲ್ಲೇ ಲಾರಿ ಎದುರಾಯಿತು. ಬ್ರೇಕ್ ಹಾಕಿದ ರಭಸಕ್ಕೆ ಅಮ್ಮನ ಹಣೆ ಎದುರಿನ ಕಂಬಿಗೆ ಬಡಿಯಿತು. ಸ್ಕ್ಯಾನಿಂಗ್ ರಿಪೋರ್ಟು, ಮಾತ್ರೆ, ಬುತ್ತಿಯ ಮೊಸರನ್ನ ಎಲ್ಲ ಬಸ್ಸಿನ ನೆಲದ ಮೇಲೆ. ಬೇರೆ ಕಾಯಿಲೆಗೆ ಹೊರಟವಳಿಗೆ ಮೂರು ಹೊಲಿಗೆ ಹಾಕಿಸಿಕೊಂಡು ಬಂದೆ. ಹಿಂದೆ ಕೂತಿದ್ದ ಯಾರೋ "ಅಣ್ಣಪ್ಪ ಕಾಪಾಡಿದ" ಅಂದರು. ಕಾಪಾಡಿರಬಹುದು. ಆದರೆ ನಾನು ಪತ್ರ ಬರೆಯುತ್ತಿರುವುದು ನಿಮಗೆ, ಅಲ್ವಾ?

ದೂರು ಕೊಡಲೂ ಹೋಗಿದ್ದೆ. ಯಾವ ಬಸ್ಸು, ಯಾವ ಕಚೇರಿ ಅಂತ ಇಲ್ಲಿ ಬರೆಯಲ್ಲ. ಒಬ್ಬರ ಕೆಲಸ ಕಳೆಯುವುದು ನನ್ನ ಉದ್ದೇಶ ಅಲ್ಲ. ಮೇಜಿನ ಹಿಂದಿದ್ದವರು ತಮ್ಮ ಫೋನಿನಿಂದ ತಲೆ ಎತ್ತದೆ ಕೇಳಿದರು, "ವಿಡಿಯೊ ಇದೆಯಾ?" ಒಂದು ಕೈಯಲ್ಲಿ ಅಮ್ಮನ ಹಣೆಯ ರಕ್ತ ಒತ್ತಿ ಹಿಡಿದಿದ್ದೆ ಸ್ವಾಮಿ. ಇನ್ನೊಂದು ಕೈಯಲ್ಲಿ ವಿಡಿಯೊ ಮಾಡಬೇಕಿತ್ತು ಅಂತ ಗೊತ್ತಿರಲಿಲ್ಲ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದಾಗ, ಓಡಿಸುತ್ತಾ ಫೋನು ಹಿಡಿಯುವುದನ್ನು 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಗೆ ಸೇರಿಸಿದರು. ಮೊದಲ ತಪ್ಪಿಗೇ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. 2020ರ ಅಕ್ಟೋಬರ್‌ನಿಂದ ದಾರಿ ನೋಡಲು ಮಾತ್ರ ಫೋನು ಬಳಸಬಹುದು, ಅದೂ ಗಮನ ತಪ್ಪದ ಹಾಗೆ. ಇಪ್ಪತ್ತು ವರ್ಷ ಇಳಿದ ಘಾಟಿಗೆ ಮ್ಯಾಪ್ ಯಾಕೆ ಬೇಕು? ಫೋನಿನಲ್ಲಿ ಮಾತಾಡುತ್ತಾ ಓಡಿಸುವವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಇಷ್ಟೆಲ್ಲ ಇದ್ದೂ ನಮ್ಮ ಡ್ರೈವರಿಗೆ ಒಂದು ಚೂರೂ ಹೆದರಿಕೆ ಇಲ್ಲ. ಯಾಕೆ ಇರಬೇಕು? 2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಕೊಟ್ಟಿತು. ಆಷಾಢದ ಸೀರೆ ಸೇಲಿನ ಹಾಗೆ ಜನ ಕಾದು ಕೂರುತ್ತಾರೆ. ಬೆಂಗಳೂರಿನ 50 ಜಂಕ್ಷನ್‌ಗಳಿಗೆ 2022ರ ಕೊನೆಗೇ ಟ್ರಾಫಿಕ್ ನಿಯಮ ಮುರಿದವರನ್ನು ತಾನೇ ಹಿಡಿಯುವ ಬುದ್ಧಿವಂತ ಕ್ಯಾಮೆರಾ ಬಂತು. ಸಂತೋಷ. ನಮ್ಮ ಘಾಟಿಯಲ್ಲಿ ನನ್ನ ಕಣ್ಣಿಗೆ ಕಂಡ ಕ್ಯಾಮೆರಾ ಅಂದರೆ ಜಲಪಾತದ ಮುಂದೆ ಸೆಲ್ಫಿ ತೆಗೆಯುವವರದ್ದು ಮಾತ್ರ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಳಿದರೂ ಬಸ್ಸು ಮೂರು ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ಅಂದರೆ ಎರಡು ಬಸ್ಸಿನ ಉದ್ದ. ಒಂದು ರೀಲ್ ತಳ್ಳಿ ಇನ್ನೊಂದು ನೋಡಲು ಮೂರು ಸೆಕೆಂಡು ಸಾಲದು. ತಿರುವಿನ ಆಚೆ ಪ್ರಪಾತ ಎಷ್ಟು ದೂರ ಇದೆ ಅಂತ ನೀವೇ ಒಮ್ಮೆ ಬಂದು ಅಳೆದು ನೋಡಿ. ಬೆಂಗಾವಲು ಕಾರು ಬಿಟ್ಟು ಬಸ್ಸಿನಲ್ಲೇ ಬನ್ನಿ. ಡ್ರೈವರ್ ಹಿಂದಿನ ಸೀಟು ನಾನು ಬಿಟ್ಟುಕೊಡುತ್ತೇನೆ.

"ಡ್ರೈವರಿಗೆ ಮನೆಯಿಂದ ಅರ್ಜೆಂಟ್ ಫೋನ್ ಬಂದರೆ?" ಅಂತ ಕೇಳುತ್ತಾರೆ. ಕಂಡಕ್ಟರ್ ಎತ್ತಲಿ. ಬಸ್ಸು ನಿಲ್ಲಿಸಿ ಮಾತಾಡಲಿ, ನಾವು ಕಾಯುತ್ತೇವೆ. ನಮಗೂ ಮನೆ ಇದೆ, ಅರ್ಥ ಆಗುತ್ತದೆ. ಅವರ ಡ್ಯೂಟಿ ಕಷ್ಟದ್ದು ಅಂತಲೂ ಗೊತ್ತು. ರೈಲು ಓಡಿಸುವವರು ಡ್ಯೂಟಿಯಲ್ಲಿ ಫೋನು ಆಫ್ ಮಾಡಬೇಕು ಅಂತ ನಿಯಮ ಇದೆ. ಅದೂ ಹಳಿ ಬಿಟ್ಟು ತಿರುಗಲಾಗದ ಗಾಡಿಗೆ!

ಸುತ್ತೋಲೆ ಹೊರಡಿಸಿದ್ದೇವೆ ಅಂತ ಮಾತ್ರ ಉತ್ತರ ಬರೆಯಬೇಡಿ. ಸುತ್ತೋಲೆ ಅವರ ವಾಟ್ಸ್ಆ್ಯಪಿಗೇ ಬರುತ್ತದೆ, ಅದನ್ನೂ ತಿರುವಿನಲ್ಲೇ ಓದುತ್ತಾರೆ. ಪೆಟ್ಟಿಗೆ ಮಾಡಿಸಿ. ಸರ್ಕಾರಿ ಬಸ್ಸೋ ಖಾಸಗಿಯೋ, ಘಾಟಿ ಇಳಿಯುವ ಪ್ರತಿ ಬಸ್ಸಿಗೂ ಒಂದು ಪೆಟ್ಟಿಗೆ, ಒಂದು ಬೀಗ. ದುಡ್ಡಿಲ್ಲ ಅಂದರೆ ಹೇಳಿ, ನಮ್ಮೂರಿನ ಬಡಗಿ ಹಲಸಿನ ಹಲಗೆಯಲ್ಲಿ ಮಾಡಿಕೊಡುತ್ತಾನೆ. ಬೀಗದ ಖರ್ಚು ನನ್ನದು.

ಬರುವ ಗುರುವಾರ ಮತ್ತೆ ಹೊರಡಬೇಕು. ಈ ಸಲ ಹಿಂದಿನ ಸೀಟಿನಲ್ಲೇ ಕೂರೋಣ ಅನ್ನುತ್ತಿದ್ದಾಳೆ ಅಮ್ಮ. ವಾಂತಿ ಆದರೂ ಪರವಾಗಿಲ್ಲವಂತೆ.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಬಸ್ ಪ್ರಯಾಣಿಕಳು