ಗುಂಡಿ ಹಾಕಿಕೊಳ್ಳಲು ಬಾರದವಳು ಸೋಮಾರಿಯಲ್ಲ

ಮಾನ್ಯ ಸಂಪಾದಕರೇ,

ಅರಸೀಕೆರೆಯಲ್ಲಿ ಟೈಲರ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಜೂನ್ ಬಂತೆಂದರೆ ರಾತ್ರಿ ಹನ್ನೊಂದರವರೆಗೂ ಸಮವಸ್ತ್ರಗಳಿಗೆ ಕಾಜಾ ಹಾಕುವ ನನಗೆ, ಹತ್ತು ವರ್ಷದ ನನ್ನ ಮಗಳಿಗೆ ಗುಂಡಿ ಹಾಕಿಕೊಳ್ಳುವುದನ್ನು ಕಲಿಸಲು ಇನ್ನೂ ಆಗಿಲ್ಲ. ಎಡಗೈ ಕಾಜಾ ಅಗಲಿಸಿ ಹಿಡಿದರೆ ಬಲಗೈ ಸುಮ್ಮನಾಗುತ್ತದೆ. ಬಲಗೈ ಗುಂಡಿ ತರುವ ಹೊತ್ತಿಗೆ ಎಡಗೈ ಬಟ್ಟೆಯನ್ನೇ ಬಿಟ್ಟಿರುತ್ತದೆ.

ಕಾರಣ ಗೊತ್ತಾಗಿದ್ದು ನಾಲ್ಕನೇ ವಯಸ್ಸಿನಲ್ಲಿ, ಎಂಆರ್‌ಐ ಮಾಡಿಸಿದಾಗ. ಮೆದುಳಿನ ಎಡಬಲ ಭಾಗಗಳನ್ನು ಜೋಡಿಸುವ, ಸುಮಾರು 20 ಕೋಟಿ ನರತಂತುಗಳ ಪಟ್ಟಿಗೆ ಕಾರ್ಪಸ್ ಕ್ಯಾಲೋಸಮ್ ಎನ್ನುತ್ತಾರೆ. ಗರ್ಭದಲ್ಲಿ ಐದನೇ ತಿಂಗಳ ಹೊತ್ತಿಗೆ ಅದರ ಆಕಾರ ಕೂಡಿಬರಬೇಕು. ಇವಳಿಗೆ ಅದು ಮೂಡಲೇ ಇಲ್ಲ. ವೈದ್ಯರು ಹೇಳಿದ್ದನ್ನು ನಾನು ನನ್ನ ಮಿಷಿನ್ನಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ: ಮೇಲಿನ ದಾರ ಗಟ್ಟಿ, ಬಾಬಿನ್ ದಾರವೂ ಗಟ್ಟಿ, ಒಂದಕ್ಕೊಂದು ಕೊಂಡಿ ಬೀಳುವುದು ಮಾತ್ರ ತಡ. ನೆಂಟರು ‘ಅರ್ಧ ಮೆದುಳು’ ಎಂದು ಅವಳೆದುರೇ ಆಡಿಕೊಂಡದ್ದು ಸುಳ್ಳು.

ಇದೇ ತೊಂದರೆಯ ಕೆಲವು ಮಕ್ಕಳಿಗೆ ಮೂರ್ಛೆ ಬರುತ್ತದೆ, ಕೆಲವರಿಗೆ ನಡೆಯುವುದೂ ಕಷ್ಟ. ಇವಳು ಚೆನ್ನಾಗಿ ಓದುತ್ತಾಳೆ. ಆದರೆ ಮಾತಿನ ಹಿಂದಿನ ಮಾತು ತಿಳಿಯುವುದಿಲ್ಲ. ಟೀಚರ್ ‘ಬಾಯಿಗೆ ಬೀಗ ಹಾಕಿಕೋ’ ಎಂದ ದಿನ ನೇರ ಅಂಗಡಿಗೆ ಬಂದು ನನ್ನ ಬೀಗ ಕೇಳಿದಳು.

ಅಮೆರಿಕದ ಕಿಮ್ ಪೀಕ್ ಎಂಬವರಿಗೂ (1951–2009) ಈ ಪಟ್ಟಿ ಇರಲಿಲ್ಲ. ಸಾವಿರಾರು ಪುಸ್ತಕಗಳು ಅವರಿಗೆ ಬಾಯಿಪಾಠವಾಗಿದ್ದವು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಮಾತ್ರ ಕಷ್ಟವಾಗಿತ್ತು. ಇದನ್ನು ಯಾರಿಗೂ ಹೇಳಬೇಡಿ ಎನ್ನುತ್ತಾಳೆ ನನ್ನ ಹೆಂಡತಿ. ಆಮೇಲೆ ಮಗಳ ಬಾಯಲ್ಲಿ ಪಂಚಾಂಗ ಕೇಳಲು ಜನ ಬರುತ್ತಾರಂತೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಗಳ ಈ ತೊಂದರೆಯ ಹೆಸರು ಅದರಲ್ಲಿಲ್ಲ. ತಪಾಸಣಾ ಶಿಬಿರದಲ್ಲಿ ಬುದ್ಧಿಮತ್ತೆ ಅಳೆದು ‘ಚೆನ್ನಾಗಿಯೇ ಇದ್ದಾಳೆ’ ಎಂದು ಕಳುಹಿಸಿದರು. ಶಾಲೆಯಲ್ಲಿ ಆ ಮಾತೇ ನಮಗೆ ತಿರುಗುಬಾಣವಾಯಿತು. ಚೆನ್ನಾಗಿದ್ದರೆ ಉಕ್ತಲೇಖನದಲ್ಲಿ ಹಿಂದೆ ಬೀಳುವುದೇಕೆ, ಶೂ ಲೇಸ್ ಕಟ್ಟಲು ಇನ್ನೊಬ್ಬರೇಕೆ? ಸೋಮಾರಿತನ ಎಂದು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು.

ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ವೈದ್ಯರ ಚೀಟಿ ತಂದ ಇಂಥ ಮಕ್ಕಳಿಗೆ ಬರೆಯಲು ಹೆಚ್ಚು ಸಮಯ ಕೊಡಲಿ, ಲೇಸ್ ಬದಲು ಅಂಟುಪಟ್ಟಿಯ ಶೂ ಹಾಕಲು ಬಿಡಲಿ. ಅಂಗಿಯ ವಿಷಯ ನಾನೇ ನೋಡಿಕೊಂಡಿದ್ದೇನೆ. ನಿಯಮದ ಪ್ರಕಾರ ಮೇಲೆ ಐದು ಬಿಳಿ ಗುಂಡಿ, ಒಳಗೆ ಟಿಚ್ ಬಟನ್. ಒಂದೇ ಕೈಯಲ್ಲಿ ಒತ್ತಿದರೆ ಸಾಕು. ಎರಡು ವರ್ಷದಿಂದ ಶಾಲೆಯಲ್ಲಿ ಯಾರಿಗೂ ಗೊತ್ತಾಗಿಲ್ಲ.

– ಒಬ್ಬ ಟೈಲರ್, ಅರಸೀಕೆರೆ